ಮನೆಯಲ್ಲೇ ಕಟ್ಟಿದ ವಿಮಾನಕ್ಕೆ ರೋಟರಿ ಎಂಜಿನ್: ಕಿವಿಗಡಚಿಕ್ಕುವ ಸದ್ದನ್ನು ಇಳಿಸುವುದು ಹೇಗೆ?

ಅಮೆರಿಕದಲ್ಲಿ ಹವ್ಯಾಸಿಗಳು ಗ್ಯಾರೇಜಿನಲ್ಲೇ ವಿಮಾನ ಕಟ್ಟಿ ಹಾರಿಸುವುದು ಹೊಸ ಸಂಗತಿಯಲ್ಲ. ಕಟ್ಟುವ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹವ್ಯಾಸಿಗಳು ಕಲಿಕೆಗಾಗಿ ಅಥವಾ ಖುಷಿಗಾಗಿ ತಾವೇ ಮಾಡಿದ್ದರೆ, ಅಲ್ಲಿನ ನಿಯಮ ಅದನ್ನು 'ಪ್ರಾಯೋಗಿಕ' ವರ್ಗದ ವಿಮಾನವೆಂದು ಒಪ್ಪುತ್ತದೆ. ಯಾವ ಎಂಜಿನ್ ಹಾಕಬೇಕು ಎನ್ನುವುದು ಬಹುಮಟ್ಟಿಗೆ ಕಟ್ಟುವವರ ಆಯ್ಕೆ. ಹಾಗಾಗಿ ಕೆಲವರು ಮಜ್ದಾ ಕಂಪನಿಯ ಕಾರುಗಳಲ್ಲಿದ್ದ '13ಬಿ' ರೋಟರಿ ಎಂಜಿನ್ನನ್ನು ತಂದು ಕೂರಿಸುತ್ತಾರೆ. ಅದು ಗಾತ್ರದಲ್ಲಿ ಚಿಕ್ಕದು, ಅದರಲ್ಲಿ ಚಲಿಸುವ ಭಾಗಗಳು ಕಡಿಮೆ, ಅದುರುವಿಕೆಯೂ ಕಡಿಮೆ. ಆದರೆ ಸದ್ದು ಮಾತ್ರ ವಿಪರೀತ.

'ಅದಕ್ಕೇನು, ದೊಡ್ಡದೊಂದು ಸೈಲೆನ್ಸರ್ ಹಾಕಿದರಾಯಿತು' ಎಂದು ಯಾರಿಗಾದರೂ ಅನಿಸುತ್ತದೆ. ಅಷ್ಟು ಸುಲಭ ಏಕಲ್ಲ? ಮತ್ತೆ ದಾರಿ ಯಾವುದು? ನೋಡೋಣ.

ಯಾವ ರೋಟರಿ?

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಮೊದಲ ಮಹಾಯುದ್ಧದ ಕಾಲದ ವಿಮಾನಗಳಲ್ಲೂ 'ರೋಟರಿ' ಎಂಜಿನ್‌ಗಳಿದ್ದವು. ಅವುಗಳಲ್ಲಿ ಸಿಲಿಂಡರುಗಳೇ ಪ್ರೊಪೆಲ್ಲರ್ ಜೊತೆಗೆ ಗಿರಗಿರನೆ ತಿರುಗುತ್ತಿದ್ದವು. ನಾವಿಲ್ಲಿ ಹೇಳುತ್ತಿರುವುದು ಬೇರೆಯದು. ಇದು ಜರ್ಮನಿಯ ಫೆಲಿಕ್ಸ್ ವಾಂಕೆಲ್ ರೂಪಿಸಿದ್ದು. ಇದರ ಮೊದಲ ಮಾದರಿ 1957ರಲ್ಲಿ ಓಡಿತು. ಮಜ್ದಾ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರಿನಲ್ಲಿ ಎರಡು ರೋಟರಿನ ಎಂಜಿನ್ನನ್ನು ಮಾರುಕಟ್ಟೆಗೆ ತಂದಿತು.

ಇದರಲ್ಲಿ ಪಿಸ್ಟನ್ ಇಲ್ಲ. ಉಬ್ಬಿದ ಬದಿಗಳ ತ್ರಿಕೋನದಂಥ ರೋಟರ್ ಒಂದು ಕೋಣೆಯೊಳಗೆ ತಿರುಗುತ್ತದೆ. ಗಾಳಿ ಮತ್ತು ಇಂಧನ ಎಳೆದುಕೊಳ್ಳುವುದು, ಅದುಮುವುದು, ಉರಿಸುವುದು, ಹೊಗೆ ಹೊರದಬ್ಬುವುದು ಎಲ್ಲವೂ ರೋಟರಿನ ಸುತ್ತಲೇ ನಡೆಯುತ್ತವೆ. ಇದರಲ್ಲಿ ವಾಲ್ವ್‌ಗಳೂ ಇಲ್ಲ. ಸದ್ದಿನ ಮೂಲ ಇಲ್ಲೇ ಇದೆ.

ಸದ್ದು ಇಷ್ಟೊಂದು ಏಕೆ?

ಬಲೂನಿನ ಬಾಯಿ ಬಿಚ್ಚಿ ಮೆಲ್ಲಗೆ ಗಾಳಿ ಬಿಟ್ಟರೆ 'ಸುಸ್' ಎನ್ನುತ್ತದೆ. ಅದೇ ಬಲೂನಿಗೆ ಸೂಜಿ ಚುಚ್ಚಿದರೆ 'ಢಬ್' ಎನ್ನುತ್ತದೆ. ಒಳಗಿದ್ದ ಗಾಳಿ ಅಷ್ಟೇ, ಬದಲಾದದ್ದು ಅದು ಹೊರಬಂದ ವೇಗ.

ಪಿಸ್ಟನ್ ಎಂಜಿನ್ನಿನಲ್ಲಿ ಹೊಗೆಯ ವಾಲ್ವ್ ಸ್ವಲ್ಪಸ್ವಲ್ಪವೇ ತೆರೆಯುತ್ತದೆ. ರೋಟರಿಯಲ್ಲಿ ಹಾಗಲ್ಲ. ರೋಟರಿನ ತುದಿಯಲ್ಲಿರುವ ಸೀಲು ಗೋಡೆಯಲ್ಲಿನ ರಂಧ್ರವನ್ನು ದಾಟಿದ ತಕ್ಷಣ ಬಾಗಿಲು ತೆರೆದುಕೊಳ್ಳುತ್ತದೆ. ಒಳಗೆ ಇನ್ನೂ ಒತ್ತಡದಲ್ಲಿರುವ ಅನಿಲ ಒಮ್ಮೆಲೇ ಕೊಳವೆಗೆ ನುಗ್ಗುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕಿನ ಸದ್ದು ಕೇಳಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅದರ ಟೂ ಸ್ಟ್ರೋಕ್ ಎಂಜಿನ್ನಿನಲ್ಲೂ ಹೊಗೆಗೆ ವಾಲ್ವ್ ಇರಲಿಲ್ಲ, ಸಿಲಿಂಡರಿನ ಗೋಡೆಯಲ್ಲಿ ರಂಧ್ರವಿತ್ತು.

ಎರಡನೆಯ ಕಾರಣ ಬಿಸಿ. ರೋಟರಿಯ ದಹನಕೋಣೆ ಉದ್ದವಾಗಿ, ಚಪ್ಪಟೆಯಾಗಿರುವುದರಿಂದ ಇಂಧನ ಪೂರ್ತಿ ಉರಿಯುವ ಮೊದಲೇ ಬಾಗಿಲು ತೆರೆಯುತ್ತದೆ. ಉಳಿದದ್ದು ಕೊಳವೆಯಲ್ಲೂ ಉರಿಯುತ್ತಿರುತ್ತದೆ. ಪೂರ್ಣ ಶಕ್ತಿಯಲ್ಲಿ ಹೊಗೆಯ ಬಿಸಿ 900 ಡಿಗ್ರಿ ಸೆಲ್ಸಿಯಸ್ ದಾಟಬಹುದು.

ಮೂರನೆಯದು ಸದ್ದಿನ ಸ್ಥಾಯಿ. ಎರಡು ರೋಟರಿನ ಎಂಜಿನ್ 6000 ಆರ್‌ಪಿಎಂನಲ್ಲಿ ಓಡಿದರೆ ಸೆಕೆಂಡಿಗೆ 200 ಸಲ ಹೊಗೆ ಚಿಮ್ಮುತ್ತದೆ, ಅಂದರೆ 200 ಹರ್ಟ್ಜ್. ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾದ ನಾಲ್ಕು ಸಿಲಿಂಡರಿನ ಎಂಜಿನ್ 2700 ಆರ್‌ಪಿಎಂನಲ್ಲಿ ಓಡುವಾಗ ಇದು ಕೇವಲ 90 ಹರ್ಟ್ಜ್. ನಮ್ಮ ಕಿವಿಗೆ ತಗ್ಗು ಸ್ಥಾಯಿಯ ಸದ್ದು ಕಡಿಮೆ ಕೇಳಿಸುತ್ತದೆ. ಒಂದೇ ಬಲದ ಎರಡು ಸದ್ದುಗಳಿದ್ದರೆ, ಕಿವಿಗೆ ಹೊಂದಿಸಿದ ಅಳತೆಯಲ್ಲಿ 200 ಹರ್ಟ್ಜ್ ಸದ್ದು 100 ಹರ್ಟ್ಜ್ ಸದ್ದಿಗಿಂತ ಸುಮಾರು 8 ಡೆಸಿಬೆಲ್ ಹೆಚ್ಚು ತೋರುತ್ತದೆ.

ಕಾರಿನಲ್ಲಿ ಇಲ್ಲದ ತೊಂದರೆ ವಿಮಾನದಲ್ಲೇಕೆ?

ಇದೇ ಎಂಜಿನ್ ಮಜ್ದಾ ಆರ್‌ಎಕ್ಸ್-7 ಕಾರಿನಲ್ಲಿ ಸಭ್ಯವಾಗಿಯೇ ಓಡುತ್ತಿತ್ತಲ್ಲ? ಹೌದು. ಏಕೆಂದರೆ ಕಾರಿನ ಅಡಿಯಲ್ಲಿ ಮುಂದಿನಿಂದ ಹಿಂದಿನವರೆಗೆ ಉದ್ದನೆಯ ಕೊಳವೆ ಇರುತ್ತದೆ. ಹೊಗೆ ದಾರಿಯುದ್ದಕ್ಕೂ ತಣಿಯುತ್ತದೆ, ಹಿಗ್ಗುತ್ತದೆ, ಒಂದಕ್ಕಿಂತ ಹೆಚ್ಚು ಡಬ್ಬಿಗಳನ್ನು ಹಾದು ಹೋಗುತ್ತದೆ. ಮೂತಿಯಲ್ಲಿ ಎಂಜಿನ್ ಇರುವ ಸಣ್ಣ ವಿಮಾನದಲ್ಲಿ ಅಷ್ಟು ಜಾಗವೂ ಇಲ್ಲ, ಅಷ್ಟು ತೂಕ ಹೊರುವ ಅವಕಾಶವೂ ಇಲ್ಲ. ಚಿಕ್ಕ ಕೊಳವೆಯಿಂದ ಬರುವ ಅನಿಲ ಇನ್ನೂ ಕೆಂಡದ ಬಿಸಿಯಲ್ಲೇ ಸೈಲೆನ್ಸರ್ ಮುಟ್ಟುತ್ತದೆ.

900 ಡಿಗ್ರಿಯಿಂದ 500 ಡಿಗ್ರಿಗೆ ತಣಿದರೆ ಅದೇ ಹೊಗೆ ಮೂರನೇ ಎರಡು ಭಾಗದಷ್ಟು ಜಾಗವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಆಗ ಅದು ಸೈಲೆನ್ಸರ್ ಮೂಲಕ ಸಲೀಸಾಗಿ ಹರಿಯುತ್ತದೆ. ಹಾಗಾಗಿ ಹೊಗೆಯನ್ನು ತಣಿಸುವ ಪ್ರತಿ ಹೆಜ್ಜೆಯೂ ಸದ್ದು ಇಳಿಸುವ ಕೆಲಸದ ಭಾಗವೇ.

ಡಬ್ಬಿಯ ಲೆಕ್ಕ

ಕೊಳವೆ ಒಮ್ಮೆಲೇ ಅಗಲವಾದ ಡಬ್ಬಿಯೊಳಗೆ ತೆರೆದುಕೊಂಡರೆ, ಸದ್ದಿನ ಅಲೆಯ ಒಂದು ಭಾಗ ಹಿಂದಕ್ಕೆ ಪುಟಿಯುತ್ತದೆ. ಸೈಲೆನ್ಸರಿನ ಮೂಲ ತಂತ್ರ ಇದೇ. ಡಬ್ಬಿಯ ಅಡ್ಡಳತೆ ಕೊಳವೆಯ ಎರಡರಷ್ಟಿದ್ದರೆ ಹೆಚ್ಚೆಂದರೆ 6ರಿಂದ 7 ಡೆಸಿಬೆಲ್ ಇಳಿಕೆ ಸಿಗುತ್ತದೆ. ಮೂರರಷ್ಟಿದ್ದರೆ, ಉದಾಹರಣೆಗೆ 5 ಸೆಂ.ಮೀ. ಕೊಳವೆಗೆ 15 ಸೆಂ.ಮೀ. ಡಬ್ಬಿ, ಹೆಚ್ಚೆಂದರೆ 13 ಡೆಸಿಬೆಲ್ ಸಿಗುತ್ತದೆ. ಅಂದರೆ ಅಗಲ ಮುಖ್ಯ.

ಉದ್ದವೂ ಅಷ್ಟೇ ಮುಖ್ಯ. ಡಬ್ಬಿಯ ಉದ್ದ ಅಲೆಯ ಉದ್ದದ ಕಾಲುಭಾಗದಷ್ಟಿದ್ದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. 900 ಡಿಗ್ರಿ ಬಿಸಿಯ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 660 ಮೀಟರ್ ಓಡುತ್ತದೆ. ಇದು ಸಾಮಾನ್ಯ ಗಾಳಿಯಲ್ಲಿರುವ ವೇಗದ ಸುಮಾರು ಎರಡರಷ್ಟು. ಹಾಗಾಗಿ 200 ಹರ್ಟ್ಜ್‌ಗೆ ಬೇಕಾದ ಡಬ್ಬಿಯ ಉದ್ದ ಸುಮಾರು 83 ಸೆಂ.ಮೀ. ಚಿಕ್ಕ ಡಬ್ಬಿ ಹಾಕಿ 'ಏನೂ ಪ್ರಯೋಜನವಾಗಲಿಲ್ಲ' ಎನ್ನುವವರ ಸಮಸ್ಯೆ ಇಲ್ಲೇ ಇರುತ್ತದೆ. ಇನ್ನೊಂದು ತೊಡಕೂ ಇದೆ. 200 ಹರ್ಟ್ಜ್ ತಡೆಯುವ ಡಬ್ಬಿಯೇ 400 ಹರ್ಟ್ಜ್ ಸದ್ದನ್ನು ಸರಾಗವಾಗಿ ಬಿಟ್ಟುಕೊಡುತ್ತದೆ. ಆದ್ದರಿಂದ ಬೇರೆಬೇರೆ ಉದ್ದದ ಕೋಣೆಗಳನ್ನು ಒಂದರ ಹಿಂದೆ ಒಂದು ಇಡಬೇಕಾಗುತ್ತದೆ.

ರಂಧ್ರಗಳಿರುವ ಕೊಳವೆಯ ಸುತ್ತ ಗಾಜಿನ ನಾರು ತುಂಬಿದ ಸೈಲೆನ್ಸರ್‌ಗಳು ಮೇಲಿನ ಸ್ಥಾಯಿಯ ಕರ್ಕಶ ಸದ್ದನ್ನು ಹೀರಿಕೊಳ್ಳುತ್ತವೆ. ಆದರೆ ರೋಟರಿಯ ಬಿಸಿಗೆ ಮತ್ತು ಹೊಡೆತಕ್ಕೆ ಸಾಮಾನ್ಯ ನಾರು ಮೆತ್ತಗಾಗಿ, ಪುಡಿಯಾಗಿ ಹಾರಿಹೋಗುತ್ತದೆ. ಮೊದಲ ಹೊಡೆತವನ್ನು ಬರಿಯ ಉಕ್ಕಿನ ಡಬ್ಬಿ ತಡೆದುಕೊಂಡ ಮೇಲೆ, ಎರಡನೆಯದಾಗಿ ಇದನ್ನು ಜೋಡಿಸಿದರೆ ಹೆಚ್ಚು ದಿನ ಬಾಳುತ್ತದೆ.

ಬೇರೆ ದಾರಿಗಳು

ಟರ್ಬೊಚಾರ್ಜರ್ ಒಂದು ದಾರಿ. ಹೊಗೆಯ ಹೊಡೆತದಿಂದಲೇ ಅದರ ಚಕ್ರ ತಿರುಗುವುದರಿಂದ, ಸದ್ದಾಗಬೇಕಿದ್ದ ಶಕ್ತಿಯ ಒಂದು ಪಾಲು ಕೆಲಸಕ್ಕೆ ಬಳಕೆಯಾಗುತ್ತದೆ. ಆದರೆ ತೂಕ, ಬಿಸಿ ಮತ್ತು ನಿರ್ವಹಣೆಯ ತಾಪತ್ರಯ ಹೆಚ್ಚುತ್ತದೆ.

ಇನ್ನೊಂದು ದಾರಿ, ಎಂಜಿನ್ನಿನ ಆಯ್ಕೆಯಲ್ಲೇ ಇದೆ. 2003ರಲ್ಲಿ ಬಂದ ಆರ್‌ಎಕ್ಸ್-8 ಕಾರಿನ ರೆನೆಸಿಸ್ ಎಂಜಿನ್ನಿನಲ್ಲಿ ಹೊಗೆಯ ರಂಧ್ರಗಳು ಸುತ್ತುಗೋಡೆಯ ಬದಲು ಪಕ್ಕದ ಗೋಡೆಗಳಲ್ಲಿವೆ. ಅಲ್ಲಿ ಬಾಗಿಲು ಅಷ್ಟು ಥಟ್ಟನೆ ತೆರೆಯುವುದಿಲ್ಲ.

ಪ್ರೊಪೆಲ್ಲರ್ ಸದ್ದನ್ನೂ ಮರೆಯಬಾರದು. ಎರಡು ಸಮಾನ ಸದ್ದುಗಳಲ್ಲಿ ಒಂದನ್ನು ಪೂರ್ತಿ ಅಡಗಿಸಿದರೂ ಒಟ್ಟು ಇಳಿಕೆ 3 ಡೆಸಿಬೆಲ್ ಮಾತ್ರ. ರೋಟರಿಗೆ ಇಲ್ಲೊಂದು ಅನುಕೂಲವಿದೆ. ಅದಕ್ಕೆ ಹೇಗೂ ವೇಗ ಇಳಿಸುವ ಗೇರ್‌ಬಾಕ್ಸ್ ಬೇಕು. ಪ್ರೊಪೆಲ್ಲರ್ 2100 ಆರ್‌ಪಿಎಂ ಆಸುಪಾಸಿನಲ್ಲಿ ತಿರುಗುವಂತೆ ಗೇರ್ ಆರಿಸಿದರೆ, ಅದರ ತುದಿಯ ವೇಗ ತಗ್ಗಿ ಸದ್ದೂ ತಗ್ಗುತ್ತದೆ.

ಸದ್ದಿಗಿಂತ ದೊಡ್ಡ ಅಪಾಯ

ಸೈಲೆನ್ಸರ್ ಕಟ್ಟುವಾಗ ಜೀವಕ್ಕೆ ಸಂಬಂಧಿಸಿದ ಮೂರು ಸಂಗತಿಗಳಿವೆ.

ಒಂದು, ಲೋಹ ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ 850 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 15 ಮಿ.ಮೀ. ಬೆಳೆಯುತ್ತದೆ. ಎರಡೂ ತುದಿಯನ್ನು ಬಿಗಿದು ಕಟ್ಟಿದರೆ ಬಿರುಕು ಖಚಿತ. ಜಾರುವ ಕೀಲುಗಳು ಬೇಕು. ಹೆಚ್ಚು ಬಿಸಿ ತಗಲುವ ಕಡೆ ಇಂಕೊನೆಲ್‌ನಂಥ ಮಿಶ್ರಲೋಹ ಸುರಕ್ಷಿತ, ಆದರೆ ದುಬಾರಿ.

ಎರಡು, ಬಿರುಕಿನಿಂದ ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪೈಲಟ್‌ಗೆ ಮಂಪರು ಕವಿಯುವ ಮುನ್ನ ಗೊತ್ತಾಗುವುದು ಕಷ್ಟ. ಕ್ಯಾಬಿನ್ನಿನಲ್ಲಿ ಇದನ್ನು ಪತ್ತೆಹಚ್ಚುವ ಉಪಕರಣ ಇರಲೇಬೇಕು. ಅದೇ ಸೋರಿಕೆ ಎಂಜಿನ್ ಮುಚ್ಚಳದೊಳಗೆ ಬೆಂಕಿಗೂ ಕಾರಣವಾಗಬಹುದು.

ಮೂರು, ಸೈಲೆನ್ಸರ್ ಒಳಗಿನ ತಡೆಹಲಗೆ ಕಳಚಿ ಹೊರದಾರಿಗೆ ಅಡ್ಡಬಂದರೆ ಎಂಜಿನ್ ಶಕ್ತಿ ಕುಸಿಯುತ್ತದೆ. ಟೇಕ್‌ಆಫ್ ಹೊತ್ತಿನಲ್ಲಿ ಹೀಗಾದರೆ ಜೀವಕ್ಕೇ ಅಪಾಯವಾಗಬಹುದು. ಮುರಿದರೂ ದಾರಿ ಮುಚ್ಚದಂಥ ವಿನ್ಯಾಸವನ್ನೇ ಆರಿಸಬೇಕು.

ಎಷ್ಟು ಇಳಿಸಿದರೆ ಸಾಕು?

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು. ಪ್ರತಿ 3 ಡೆಸಿಬೆಲ್ ಏರಿಕೆಗೂ ಈ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ ಮಾತ್ರ. ಹಾಗಾಗಿ ಒಳ್ಳೆಯ ಸೈಲೆನ್ಸರ್ ಇದ್ದರೂ ಪೈಲಟ್ ಕಿವಿಗೆ ರಕ್ಷಣೆ ಹಾಕಿಕೊಳ್ಳಲೇಬೇಕು. ಸೈಲೆನ್ಸರಿನ ಹೆಚ್ಚಿನ ಪ್ರಯೋಜನ ರನ್‌ವೇ ಪಕ್ಕದ ಮನೆಗಳಲ್ಲಿರುವವರಿಗೆ.

ಬದಲಾವಣೆ ಮಾಡಿದಾಗಲೆಲ್ಲ ಅದೇ ದೂರ, ಅದೇ ಆರ್‌ಪಿಎಂನಲ್ಲಿ ಸದ್ದನ್ನು ಅಳೆದು ಬರೆದಿಡುವುದು ಒಳ್ಳೆಯದು. ಎಂಜಿನ್ ಕಳೆದುಕೊಂಡ ಶಕ್ತಿ ಎಷ್ಟೆಂದೂ ಜೊತೆಗೇ ನೋಡಬೇಕು. 'ಸದ್ದು ಹೆಚ್ಚಿದ್ದರೆ ಶಕ್ತಿಯೂ ಹೆಚ್ಚು' ಎನ್ನುವುದು ಬೈಕಿನ ಸೈಲೆನ್ಸರ್ ಬಿಚ್ಚಿಸುವವರಲ್ಲೂ ಇರುವ ನಂಬಿಕೆ. ಸದ್ದು ಶಕ್ತಿಯ ಅಳತೆಯಲ್ಲ. ಹೊಗೆಗೆ ಹಿಗ್ಗಲು ಜಾಗ ಮತ್ತು ತಣಿಯಲು ದಾರಿ ಕೊಟ್ಟರೆ, ಶಕ್ತಿಯನ್ನು ಹೆಚ್ಚು ಬಿಟ್ಟುಕೊಡದೆಯೇ ಸದ್ದು ಇಳಿಸಬಹುದು.