ಅಂಗಡಿ ಮುಚ್ಚಿತ್ತು, ಬ್ಯೋಮಕೇಶ ಬಂದಿದ್ದ

ಬೈಲಹೊಂಗಲ: 2020ರ ಮಾರ್ಚ್ 28, ಶನಿವಾರ. ಲಾಕ್‌ಡೌನಿನ ನಾಲ್ಕನೆಯ ದಿನ. ಬಜಾರದಾಗ ನರಪಿಳ್ಳೆ ಇಲ್ಲ. ಕಿತ್ತೂರು, ಸವದತ್ತಿ, ರಾಮದುರ್ಗದ ಬಸ್ಸುಗಳೆಲ್ಲ ನಿಂತಿದ್ದವು. ಆದರೆ ಅರಿವೆ ಅಂಗಡಿಯ ಸಾಹುಕಾರರೊಬ್ಬರು ಬೆಳಿಗ್ಗೆ 11ಕ್ಕೆ ಟಿ.ವಿ. ಮುಂದೆ ಹಬ್ಬದ ಮೋರೆ ಹೊತ್ತು ಕುಳಿತಿದ್ದರು. ದೂರದರ್ಶನದಲ್ಲಿ ‘ಬ್ಯೋಮಕೇಶ ಬಕ್ಷಿ’ ಮರಳಿ ಬರುವುದಿತ್ತು!

ಶರದಿಂದು ಬಂದ್ಯೋಪಾಧ್ಯಾಯರ ಬಂಗಾಲಿ ಕಥೆಗಳ ಈ ಪತ್ತೇದಾರನನ್ನು ಬಾಸು ಚಟರ್ಜಿ ಹಿಂದಿ ಧಾರಾವಾಹಿಗೆ ತಂದದ್ದು 1993ರಲ್ಲಿ. ರಜಿತ್ ಕಪೂರ್ ಬ್ಯೋಮಕೇಶ, ಕೆ.ಕೆ. ರೈನಾ ಗೆಳೆಯ ಅಜಿತ. ಪಿಸ್ತೂಲಿನ ಅಬ್ಬರವಿಲ್ಲ, ಧೋತರ ಉಟ್ಟ ಬುದ್ಧಿವಂತ. ಪತ್ತೇದಾರ ಎಂದರೆ ಒಪ್ಪದೆ ‘ಸತ್ಯಾನ್ವೇಷಿ’ ಎಂದುಕೊಂಡವ.

ಆಗ ಸಾಹುಕಾರರು ಇನ್ನೂ ಹುಡುಗ. ರಾಮದುರ್ಗದ ಸೋದರಮಾವನ ಮನೆಯಲ್ಲಿ ಓಣಿ ಮಂದಿಯೆಲ್ಲ ಕೂಡಿ ನೋಡುತ್ತಿದ್ದಾಗ, ಕೊಲೆಗಾರನ ಹೆಸರು ಹೊರಬೀಳುವ ಹೊತ್ತಿಗೇ ಕರೆಂಟ್ ಹೋಯಿತು. ಆ ಹೆಸರು 27 ವರ್ಷ ಉದ್ರಿ ಉಳಿಯಿತು.

ಮರುಪ್ರಸಾರದಲ್ಲಿ ಅದೇ ಕಂತು ಬಂದ ದಿನ ಕರೆಂಟ್ ಹೋಗಲಿಲ್ಲ. ಕೂಡಲೇ ರಾಮದುರ್ಗಕ್ಕೆ ಫೋನು: “ಮಾವಾ, ಕೊಲೆಗಾರ ಸಿಕ್ಕ ನೋಡ್ರಿ!”

“ನನಗ ಆವಾಗೇ ಸಂಶಯ ಇತ್ತಪಾ ಅಳಿಯಾ. ಅದಿರ್ಲಿ, ಅಂಗಡಿ ಯಾವಾಗ ತೆಗೀತಿ?”

ಇದಕ್ಕೆ ಉತ್ತರವಿರಲಿಲ್ಲ. ಮದುವೆ ಹಂಗಾಮಿಗೆ ತಂದ ಸೀರೆಗಳು ಗಂಟು ಬಿಚ್ಚದೆ ಬಿದ್ದಿದ್ದವು. ಬಾಡಿಗೆ ಏರುತ್ತಲೇ ಇತ್ತು. ಆದರೂ ದಿನಾ ಒಂದಿಷ್ಟು ಹೊತ್ತು, ಗಂಟು ಬಿಡಿಸುವವನೊಬ್ಬ ಮನೆಗೆ ಬರುತ್ತಿದ್ದ. ಅಷ್ಟೇ ಸಮಾಧಾನ.

ಅದೇ ವರ್ಷ ಜೂನ್ 4ರಂದು ಬಾಸು ಚಟರ್ಜಿ ತೀರಿಕೊಂಡರು. ಅಷ್ಟರಲ್ಲಿ ಅಂಗಡಿ ತೆರೆದಿತ್ತು. ಅಂದು ಸಂಜೆ ಗಲ್ಲಾಪೆಟ್ಟಿಗೆ ಮುಂದೆ ಊದಿನಕಡ್ಡಿ ಹಚ್ಚಿದ ಸಾಹುಕಾರರು, ಒಂದು ಕಡ್ಡಿ ಹೆಚ್ಚಿಗೆ ಹಚ್ಚಿದರು.