‘ಬ್ಯಾಂಕರ್ಸ್ ಅವರ್ಸ್’ ಅಂದರೆ ಎಂತ? ಕಾಸರಗೋಡಿನಿಂದ ಒಂದು ಟಿಪ್ಪಣಿ

ಕಳೆದ ಸಲದ ಅನುವಾದ ಚರ್ಚೆಯಲ್ಲಿ ಬಗೆಹರಿಯದೆ ಉಳಿದ ಒಂದು ಇಂಗ್ಲಿಷ್ ನುಡಿಗಟ್ಟನ್ನು ಇವತ್ತು ಎತ್ತಿಕೊಳ್ಳುತ್ತೇನೆ: ‘ಬ್ಯಾಂಕರ್ಸ್ ಅವರ್ಸ್’. ಒಬ್ಬನದ್ದು ಬ್ಯಾಂಕರ್ಸ್ ಅವರ್ಸ್ ಅಂದರೆ ತಡವಾಗಿ ಶುರುವಾಗಿ ಬೇಗ ಮುಗಿಯುವ ಕೆಲಸ. ಆತ ಬ್ಯಾಂಕಿನಲ್ಲೇ ಇರಬೇಕೆಂದಿಲ್ಲ. ಹೇಳುವವರ ದನಿಯಲ್ಲಿ ಸ್ವಲ್ಪ ಕುಹಕ, ಸ್ವಲ್ಪ ಹೊಟ್ಟೆಕಿಚ್ಚು ಇರುತ್ತದೆ.

ನಾನು ಮೊದಲು ‘ಮೈಗಳ್ಳ’ ಎಂದು ಬರೆದಿದ್ದೆ. ಅದು ತಪ್ಪು. ಮೈಗಳ್ಳತನ ಮನುಷ್ಯನ ಗುಣ. ಇಲ್ಲಿ ಕಡಿಮೆ ಇರುವುದು ವೇಳಾಪಟ್ಟಿ. ‘ಅರೆಕಾಲಿಕ’ ಅಂದರೂ ಆಗುವುದಿಲ್ಲ, ಅದಕ್ಕೆ ಸಂಬಳವೂ ಅರೆಯೇ. ‘ನೈನ್ ಟು ಫೈವ್’ ಬೇರೆಯೇ ಮಾತು, ಅದು ದಿನಾ ಒಂದೇ ಹೊತ್ತಿನ ನೌಕರಿ, ಚಿಕ್ಕ ಹೊತ್ತಿನದ್ದಲ್ಲ. ಒಬ್ಬ ಗೆಳೆಯ ನಮ್ಮ ಕೇರಳದ ‘ನೋಕ್ಕುಕೂಲಿ’ಯನ್ನು ಸೂಚಿಸಿದ. ಅದೂ ಹೊಂದದು: ಬೇರೆಯವರೋ ಯಂತ್ರವೋ ಸರಕು ಇಳಿಸುವಾಗ ಸುಮ್ಮನೆ ನೋಡಿ ನಿಂತದ್ದಕ್ಕೆ ಕೇಳುವ ಕೂಲಿ ಅದು. 2018ರ ಮೇ 1ರಿಂದ ಸರಕಾರ ಅದನ್ನು ನಿಷೇಧಿಸಿತು. ಅಲ್ಲಿ ಕೆಲಸವೇ ಇಲ್ಲ, ಇಲ್ಲಿ ಕೆಲಸ ಉಂಟು, ಹೊತ್ತು ಕಡಿಮೆ.

ನಿಜವಾಗಿ ಕಡಿಮೆಯೋ? ಅಮೆರಿಕದಲ್ಲಿ ಬಹುಕಾಲ ಬ್ಯಾಂಕಿನ ಬಾಗಿಲು ಗಿರಾಕಿಗಳಿಗೆ ತೆರೆದಿರುತ್ತಿದ್ದುದು ಸುಮಾರು ಹತ್ತರಿಂದ ಮೂರರವರೆಗೆ. ಬಾಗಿಲು ಹಾಕಿದ ಮೇಲೆ ಒಳಗೆ ನಗದು ಎಣಿಸಬೇಕು, ಚೆಕ್ಕುಗಳನ್ನು ವಿಂಗಡಿಸಬೇಕು, ಲೆಡ್ಜರನ್ನು ಕೈಯಲ್ಲೇ ಬರೆದು ತಾಳೆ ನೋಡಬೇಕು. ಲೆಕ್ಕ ಕೂಡದಿದ್ದರೆ ಮನೆಗೆ ಹೋಗುವ ಹಾಗಿಲ್ಲ. ಅಂದರೆ ಈ ನುಡಿಗಟ್ಟು ಹುಟ್ಟಿದ್ದು ಮುಚ್ಚಿದ ಬಾಗಿಲಿನ ಹೊರಗೆ ನಿಂತವರ ಬಾಯಲ್ಲಿ. ನಮ್ಮಲ್ಲೂ ಹಿಂದೆ ಹಾಗೇ ಇತ್ತು: ಆಗ ವಹಿವಾಟಿನ ಹೊತ್ತು ಹತ್ತರಿಂದ ಎರಡು, ಶನಿವಾರ ಹನ್ನೆರಡರವರೆಗೆ ಇರುತ್ತಿತ್ತು. ಅಡಿಕೆ ಮಾರಿದ ದುಡ್ಡು ಹಿಡಿದು ಬಸ್ಸಿಗೆ ಕಾದು ಬಂದ ನನ್ನ ಅಜ್ಜಿ ಎರಡು ಹತ್ತಕ್ಕೆ ತಲುಪಿದರೆ, “ಅವರಿಗೆಂತ ಮಾರಾಯಾ, ಹತ್ತರಿಂದ ಎರಡು!” ಎಂದು ಗೊಣಗುತ್ತಿದ್ದರು. ಅವರ ಸಿಟ್ಟು ಸುಳ್ಳಲ್ಲ, ಕಳೆದದ್ದು ಒಂದು ದಿನದ ಕೆಲಸ.

ಆದರೆ ಅದೇ ಮನೆಯಲ್ಲಿ ಅವರ ಮಗ, ನನ್ನ ಅಪ್ಪ, ಒಂದು ಸಹಕಾರಿ ಸಂಘದ ಪಿಗ್ಮಿ ಸಂಗ್ರಾಹಕ. ಇದನ್ನು ಸ್ವಲ್ಪ ವಿವರಿಸಬೇಕು, ಜತ್ತ, ಅಕ್ಕಲಕೋಟೆ ಕಡೆಯವರಿಗೆ ಇದರ ಹಿನ್ನೆಲೆ ಗೊತ್ತಿರಲಿಕ್ಕಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಇಟ್ಟರೂ ಸಾಕು, ಏಜೆಂಟರೇ ಮನೆ, ಅಂಗಡಿ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಕಾಸರಗೋಡು ಆಗ ದಕ್ಷಿಣ ಕನ್ನಡದ ತಾಲೂಕು. 1956ರಲ್ಲಿ ನಾವು ಕೇರಳಕ್ಕೆ ಹೋದೆವು, ‘ಪಿಗ್ಮಿ’ ಎಂಬ ಮಾತು ಇಲ್ಲೇ ಉಳಿಯಿತು. ಮೀನು ಮಾರುವವರಿಗೆ ಬೆಳಿಗ್ಗೆ ವ್ಯಾಪಾರ, ಗೂಡಂಗಡಿಯವರಿಗೆ ಸಂಜೆ. ಅಪ್ಪನ ಹೊತ್ತು ಅವರ ಗಲ್ಲಾಪೆಟ್ಟಿಗೆಯ ಹೊತ್ತು. ಕನ್ನಡ, ಮಲಯಾಳ, ತುಳು ಮೂರರಲ್ಲೂ ಚಿಲ್ಲರೆ ಎಣಿಸಿ ರಾತ್ರಿ ಎಂಟೂವರೆಗೆ ಬರುವ ಅವರನ್ನು ಊರಿನವರು ‘ಬ್ಯಾಂಕಿನವರು’ ಎಂದೇ ಕರೆಯುತ್ತಿದ್ದುದು. ಈ ನುಡಿಗಟ್ಟಿನ ಅರ್ಥ ಹೇಳಿದಾಗ ಅವರು ನಗಲಿಲ್ಲ. “ಹೊರಗಿನಿಂದ ಹಾಗೇ ಕಾಣುವುದು” ಅಂದರು, ಅಷ್ಟೆ.

ಇನ್ನು ಅನುವಾದ. ಹಳ್ಳಿಯ ಪಾತ್ರದ ಬಾಯಲ್ಲಾದರೆ ನಾನು ಅಜ್ಜಿಯ ‘ಹತ್ತರಿಂದ ಎರಡು’ ಇಟ್ಟುಕೊಳ್ಳುತ್ತೇನೆ, ಗೊಣಗಾಟವೂ ಅದರೊಳಗೇ ಬರುತ್ತದೆ. ಫೋನಿನಲ್ಲೇ ದುಡ್ಡು ಕಳಿಸುವ ಈಗಿನ ಹುಡುಗರಿಗೆ ಅದು ತಟ್ಟದೇ ಇರಬಹುದು ಎಂಬ ಆಕ್ಷೇಪ ಸರಿಯೇ. ನಿರೂಪಕರ ಮಾತಾದರೆ ‘ತಡವಾಗಿ ಬಂದು ಬೇಗ ಹೋಗುವ ನೌಕರಿ’ ಎಂದು ಬಿಡಿಸಿ ಬರೆದರೆ ಸಾಕು. ಸೊಲ್ಲಾಪುರದ, ತಾಳವಾಡಿಯ ಗೆಳೆಯರ ಮನೆಗಳಲ್ಲಿ ಇದಕ್ಕೆ ಯಾವ ಮಾತು ಉಂಟು? ಚರ್ಚೆಯಲ್ಲಿ ಹೇಳಿ, ಬರೆದುಕೊಳ್ಳುತ್ತೇನೆ.