ಊರಿನಲ್ಲೇ ಉಳಿಯುವ ದುಡಿಮೆ

ಜಾಗತಿಕ ಮಾರುಕಟ್ಟೆಗೆ ಪರ್ಯಾಯವುಂಟೇ ಎಂಬ ಪ್ರಶ್ನೆಗೆ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನ ಸಮೀಪದಲ್ಲಿರುವ ಭೀಮನಕೋಣೆ ಒಂದು ಉತ್ತರ ನೀಡಿದೆ. ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ ರೂಪುಗೊಂಡ ‘ಚರಕ’ ಮಹಿಳಾ ಸಹಕಾರ ಸಂಘದಲ್ಲಿ ಗ್ರಾಮೀಣ ಮಹಿಳೆಯರು ನೂಲಿಗೆ ನೈಸರ್ಗಿಕ ಬಣ್ಣ ಕಟ್ಟಿ, ಕೈಮಗ್ಗದಲ್ಲಿ ನೇಯ್ದು, ಉಡುಪು ಹೊಲಿಯುತ್ತ ಬಂದಿದ್ದಾರೆ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಕೂಡ ಅಲ್ಲಿ ಬಣ್ಣವಾಗುತ್ತದೆ.

ಕೈಮಗ್ಗದ ಬಟ್ಟೆಯ ಬೆಲೆಯಲ್ಲಿ ಶ್ರಮದ ಪಾಲು ದೊಡ್ಡದು. ಆ ಹಣ ಕೂಲಿಯಾಗಿ ಊರಿನಲ್ಲೇ ಉಳಿಯುತ್ತದೆ. ಆದರೆ ಅದೇ ಕಾರಣದಿಂದ ಯಂತ್ರದ ಅಗ್ಗದ ಬಟ್ಟೆಯೆದುರು ಅದು ಸೋಲುತ್ತದೆ. 2017ರಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ಕೈಉತ್ಪನ್ನಗಳಿಗೆ ಕರ ಬೇಡವೆಂದು ಪ್ರಸನ್ನ ಸತ್ಯಾಗ್ರಹ ಹೂಡಿದ್ದು ಇದಕ್ಕಾಗಿಯೇ. 2020ರಲ್ಲಿ ಚರಕವೇ ಹಣದ ಮುಗ್ಗಟ್ಟಿಗೆ ಸಿಲುಕಿತು.

ನೇಯುವವರು ಹಳ್ಳಿಯಲ್ಲಿದ್ದರೂ ಕೊಳ್ಳುವವರು ನಗರದವರು. ಮಹಾನಗರಗಳ ಕನ್ನಡಿಗರಾದ ನಾವು ಹಬ್ಬಕ್ಕೊಂದು ಕೈಮಗ್ಗದ ಉಡುಪು ಕೊಂಡರೆ ಆ ಮಗ್ಗಗಳಿಗೆ ಕೆಲಸವುಂಟು.